ಗೆಂಡೆ ಮೀನಿಗೆ ಗಾಳ: ಹೊಂಡದ ಆರೋಗ್ಯಕ್ಕೂ ಕೈಗನ್ನಡಿ

ಕೃಷಿ ಹೊಂಡದಲ್ಲಿ ಗೆಂಡೆ ಮೀನು ಬಿಟ್ಟಿರುವ ರೈತರು ಮನೆಯ ಅಡಿಗೆಗೆ ಒಂದೆರಡು ಮೀನು ಬೇಕಾದಾಗಲೆಲ್ಲ ಬಲೆ ಎಳೆಯಬೇಕಾಗಿಲ್ಲ. ಬಲೆ ಎಳೆದರೆ ತಳದ ಕೆಸರು ಕದಡುತ್ತದೆ. ಉಳಿದ ಮೀನುಗಳಿಗೂ ಗಾಯವಾಗುತ್ತದೆ. ಗಾಳದಿಂದ ಬೇಕಾದಷ್ಟನ್ನೇ ಹಿಡಿಯಬಹುದು. ಇದಕ್ಕಿಂತ ದೊಡ್ಡ ಲಾಭವೆಂದರೆ, ಗಾಳ ಹಾಕುವವರಿಗೆ ಮೀನಿನ ನಡತೆ ಗಮನಿಸುವ ಅಭ್ಯಾಸವಾಗಿ, ಹೊಂಡಕ್ಕೆ ಒದಗುವ ಅಪಾಯ ಮೊದಲೇ ತಿಳಿಯುತ್ತದೆ.

ಮೇಯುವ ರೀತಿ

ಕಾಟ್ಲಾ ನೀರಿನ ಮೇಲ್ಪದರದಲ್ಲಿ, ರೋಹು ನಡುನೀರಿನಲ್ಲಿ, ಮೃಗಾಲ್ ತಳದಲ್ಲಿ ಮೇಯುತ್ತವೆ. ಬೆಳ್ಳಿಗೆಂಡೆ ನೀರಿನಲ್ಲಿ ತೇಲುವ ಸೂಕ್ಷ್ಮ ಸಸ್ಯಗಳನ್ನು ಸೋಸಿ ತಿನ್ನುವುದರಿಂದ ಗಾಳಕ್ಕೆ ಸುಲಭವಾಗಿ ಬೀಳದು. ಗಾಳಕ್ಕೆ ಹೇಳಿಮಾಡಿಸಿದ್ದು ಸಾಮಾನ್ಯ ಗೆಂಡೆ. ಇದರ ಬ್ಯಾಂಕಾಕ್ ತಳಿಯನ್ನು 1957ರಲ್ಲಿ ನಮ್ಮ ದೇಶಕ್ಕೆ ತರಲಾಯಿತು. ಇದರ ಬಾಯಿಯ ಪಕ್ಕಗಳಲ್ಲಿ ಎರಡು ಜೊತೆ ಮೀಸೆಗಳಿವೆ. ಇವುಗಳಿಂದ ತಳವನ್ನು ತಡವಿ, ತುಟಿ ಚಾಚಿ ಕೆಸರನ್ನು ಹೀರಿ, ಹುಳು ಕಾಳುಗಳನ್ನು ಉಳಿಸಿಕೊಂಡು ಬೇಡದ್ದನ್ನು ಉಗುಳುತ್ತದೆ. ನೀರಿನ ಮೇಲೆ ಸಣ್ಣ ಗುಳ್ಳೆಗಳು ಗುಂಪುಗುಂಪಾಗಿ ಎದ್ದು ಮುಂದೆ ಸಾಗುತ್ತಿದ್ದರೆ ಅಲ್ಲಿ ಗೆಂಡೆ ಮೇಯುತ್ತಿದೆಯೆಂದು ತಿಳಿಯಿರಿ.

ಪುಕ್ಕದ ಗಾಳ

ಯೂರೋಪು, ಅಮೆರಿಕಗಳಲ್ಲಿ ಗಾಳಕ್ಕೆ ಪುಕ್ಕ, ನೂಲು ಸುತ್ತಿ ನೀರಹುಳುವಿನಂತೆ ಮಾಡಿ ಗೆಂಡೆ ಹಿಡಿಯುವ ಪದ್ಧತಿಯಿದೆ. ಈ ಗಾಳಕ್ಕೆ ಭಾರವಿಲ್ಲ. ದಪ್ಪ ದಾರದ ತೂಕವೇ ಅದನ್ನು ದೂರಕ್ಕೆ ಒಯ್ಯುತ್ತದೆ. ಆದರೆ ಗೆಂಡೆ ಅದನ್ನು ಕಣ್ಣಿನಿಂದ ಕಾಣಬೇಕು. ಆದ್ದರಿಂದ ತಿಳಿಯಾದ, ಆಳವಿಲ್ಲದ ನೀರಿಗೆ ಮಾತ್ರ ಈ ಪದ್ಧತಿ ಒಪ್ಪುತ್ತದೆ. ನಮ್ಮ ಕೆಂಪು ಮಣ್ಣಿನ ಕದಡಿದ ಹೊಂಡಗಳಲ್ಲಿ ಮೀನು ವಾಸನೆ, ರುಚಿಗಳಿಂದ ಮೇವು ಹುಡುಕುವುದರಿಂದ ಹಿಟ್ಟಿನ ಎರೆಯೇ ಮೇಲು.

ಹಿಡಿಯುವ ಕ್ರಮ

1. ಮೂರು ನಾಲ್ಕು ದಿನ ಒಂದೇ ಜಾಗದಲ್ಲಿ, ಒಂದೇ ವೇಳೆಗೆ ಸ್ವಲ್ಪ ತೌಡು, ಹಿಂಡಿ ಹಾಕಿ ಮೀನನ್ನು ರೂಢಿ ಮಾಡಿ.
2. ಗಟ್ಟಿ ರಾಗಿ ಮುದ್ದೆಗೆ ಕಡಲೆಕಾಯಿ ಹಿಂಡಿ ಸೇರಿಸಿ ನಾದಿ, ಸಣ್ಣ ಉಂಡೆ ಮಾಡಿ ಚೂಪಾದ ಚಿಕ್ಕ ಗಾಳಕ್ಕೆ ಸಿಕ್ಕಿಸಿ. ಎರೆಹುಳುವೂ ಆಗುತ್ತದೆ.
3. ಎರೆ ತಳ ಮುಟ್ಟುವಂತೆ ಬೆಂಡನ್ನು ಕಟ್ಟಿ.
4. ಏರಿಯ ಮೇಲೆ ಧಪಧಪ ನಡೆಯಬೇಡಿ. ನೆಲದ ಅದುರು ಮೀನಿಗೆ ತಿಳಿಯುತ್ತದೆ.
5. ಬೆಂಡು ಅಲುಗಿದ ಕೂಡಲೇ ಎಳೆಯಬೇಡಿ. ಅದು ಜಾರಿಕೊಂಡು ಹೋಗುವಾಗ ಕೋಲನ್ನು ಮೆತ್ತಗೆ ಎತ್ತಿ. ಮೀನು ದಣಿಯುವವರೆಗೆ ಕೋಲು ಬಾಗಿರಲಿ. ಆಮೇಲೆ ಕೈಬಲೆಯಿಂದ ಎತ್ತಿಕೊಳ್ಳಿ.

ಊರಿನ ಕೆರೆಯಾದರೆ ಮೀನಿನ ಗುತ್ತಿಗೆ ಪಡೆದವರ ಒಪ್ಪಿಗೆ ಪಡೆದೇ ಗಾಳ ಹಾಕಿ.

ಮೀನು ಕಚ್ಚದಿದ್ದರೆ

ಚಳಿಯ ಬೆಳಗ್ಗೆ ಮೀನು ಕಡಿಮೆ ಮೇಯುವುದು ಸಹಜ. ಆದರೆ ನಸುಕಿನಲ್ಲಿ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಾ, ಎರೆಯನ್ನು ಮುಟ್ಟದಿದ್ದರೆ ಅದನ್ನು ಹಸಿವೆಂದು ಭಾವಿಸಿ ಮೇವು ಸುರಿಯಬೇಡಿ. ಅದು ಆಮ್ಲಜನಕದ ಕೊರತೆ. ಹಗಲಲ್ಲಿ ನೀರಿನ ಪಾಚಿ ಆಮ್ಲಜನಕ ಕೊಡುತ್ತದೆ. ರಾತ್ರಿ ಅದೂ ಉಸಿರಾಡುತ್ತದೆ. ಹೀಗಾಗಿ ಸೂರ್ಯೋದಯಕ್ಕೆ ಮುಂಚೆ ಕೊರತೆ ಹೆಚ್ಚು. ಮೋಡ ಮುಚ್ಚಿದ ದಿನಗಳಲ್ಲಿ, ಸಗಣಿಗೊಬ್ಬರ ಅತಿಯಾದಾಗ ಇದು ಇನ್ನೂ ಹೆಚ್ಚುತ್ತದೆ.

ಕೂಡಲೇ ಮೇವು, ಗೊಬ್ಬರ ಎರಡನ್ನೂ ನಿಲ್ಲಿಸಿ. ಪಂಪಿನಿಂದ ಹೊಸ ನೀರನ್ನು ಎತ್ತರದಿಂದ ಬೀಳುವಂತೆ ಬಿಡಿ. ಹೊಸ ನೀರಿಲ್ಲದಿದ್ದರೆ ಹೊಂಡದ ನೀರನ್ನೇ ಎತ್ತಿ ಸುರಿಸಿ. ಮೀನು ಕೆಳಗಿಳಿದು ಮತ್ತೆ ಎರೆ ಮುಟ್ಟಿದ ಮೇಲೆಯೇ ಮೇವನ್ನು ಸ್ವಲ್ಪಸ್ವಲ್ಪವಾಗಿ ಆರಂಭಿಸಿ. ತಡಮಾಡಿದರೆ ವರ್ಷದ ಫಸಲು ಒಂದೇ ರಾತ್ರಿಯಲ್ಲಿ ಕೈತಪ್ಪಬಹುದು.