ಕಾಡಣಬೆಗಳ ಗುರುತು

ಮುಂಗಾರು ಮಳೆ ಬಿದ್ದೊಡನೆ ಮಣಿಪಾಲ, ಕಾರ್ಕಳ ಸೀಮೆಯ ಮುರಕಲ್ಲಿನ ಗುಡ್ಡಗಳಲ್ಲಿಯೂ ಘಟ್ಟದ ತಪ್ಪಲಿನ ಅರಣ್ಯಗಳಲ್ಲಿಯೂ ನಾನಾ ವಿಧದ ಅಣಬೆಗಳು ಏಳುವುವು. ಇವುಗಳಲ್ಲಿ ಕೆಲವು ಉತ್ತಮವಾದ ಆಹಾರ. ಕೆಲವು ಪ್ರಾಣಾಂತಕವಾದ ವಿಷ. ಆದಕಾರಣ ಇವುಗಳ ಗುರುತನ್ನು ರೈತರು ಚೆನ್ನಾಗಿ ಅರಿತಿರತಕ್ಕದ್ದು.

ವನವಾಸಿಗಳ ಅರಿವು: ಮಲೆಕುಡಿಯರೇ ಮೊದಲಾದ ಕಾಡನ್ನು ಬಲ್ಲ ಜನರು ಬಣ್ಣವೊಂದನ್ನೇ ನೋಡಿ ಅಣಬೆಯನ್ನು ಕೀಳುವವರಲ್ಲ. ಅದು ಯಾವ ಮಳೆಗೆ ಎದ್ದಿತು, ಹುತ್ತದಲ್ಲಿಯೋ ಮರದ ಬುಡದಲ್ಲಿಯೋ, ವಾಸನೆ ಎಂತಹುದು ಎಂಬುದೆಲ್ಲವನ್ನೂ ವಿಚಾರಿಸುವರು. ಹುತ್ತದ ಅಣಬೆಯ ಕಾಂಡವು ಬೇರಿನಂತೆ ನೆಲದೊಳಗೆ ಗೆದ್ದಲಿನ ಗೂಡಿನವರೆಗೂ ಇಳಿದಿರುವುದು. ಇದೇ ಅದರ ಮುಖ್ಯ ಲಕ್ಷಣ.

ಕಲ್ಲಣಬೆ: ತುಳುವಿನಲ್ಲಿ ಕಲ್ಲಲಾಂಬು ಎನ್ನುವ ಈ ಅಣಬೆಯು ಮರದ ಬೇರುಗಳೊಡನೆ ಕೂಡಿ ಬಾಳುವುದು, ಮಣ್ಣಿನಲ್ಲಿ ಗೋಲಿಯಂತೆ ಹುದುಗಿರುವುದು. ಒಳಗು ಬೆಳ್ಳಗಿರುವ ಎಳೆಯದೇ ಆಹಾರಯೋಗ್ಯ. ಸ್ಕ್ಲೆರೋಡರ್ಮ ಎಂಬ ವಿಷದ ಅಣಬೆಯೂ ಇದೇ ಆಕಾರದ್ದು. ಬಲಿತಂತೆ ಅದರ ಒಳಗು ನೇರಳೆಗಪ್ಪಾಗುವುದು. ಪ್ರತಿಯೊಂದನ್ನೂ ಸೀಳಿ ನೋಡಬೇಕು. ಒಳಗು ಕಪ್ಪಾಗಿದ್ದರೂ, ಎಳೆಯ ಕೊಡೆಯ ರೂಪ ಕಂಡರೂ ಎಸೆಯತಕ್ಕದ್ದು. ಬಿಳುಪೊಂದೇ ಸಾಕ್ಷಿಯಾಗಲಾರದು, ಅನುಭವಿಗಳ ಒಪ್ಪಿಗೆಯೂ ಬೇಕು.

ಡಿ.ಎನ್.ಎ. ಪರೀಕ್ಷೆ: ಅಣಬೆಯ ಚೂರಿನಿಂದ ಡಿ.ಎನ್.ಎ.ಯನ್ನು ಬೇರ್ಪಡಿಸಿ, ಅದರಲ್ಲಿ ಐ.ಟಿ.ಎಸ್. ಎಂಬ ಭಾಗದ ಅಕ್ಷರಕ್ರಮವನ್ನು ಓದಿ, ಮೊದಲೇ ತಿಳಿದ ಜಾತಿಗಳೊಡನೆ ಹೋಲಿಸುವರು. 2012ರಲ್ಲಿ ವಿಜ್ಞಾನಿಗಳು ಈ ಭಾಗವನ್ನೇ ಶಿಲೀಂಧ್ರಗಳ ಸಾಮಾನ್ಯ ಗುರುತಾಗಿ ಸೂಚಿಸಿದರು. ಏಷ್ಯಾ ಖಂಡದ ಕಲ್ಲಣಬೆಗಳನ್ನೆಲ್ಲ ಬಹುಕಾಲ ಅಸ್ಟ್ರಿಯಸ್ ಹೈಗ್ರೊಮೆಟ್ರಿಕಸ್ ಎಂಬ ಒಂದೇ ಹೆಸರಿನಿಂದ ಕರೆಯುತ್ತಿದ್ದರು. 2004ರಲ್ಲಿ ಥಾಯ್ಲೆಂಡಿನಿಂದ ಅಸ್ಟ್ರಿಯಸ್ ಒಡೊರಾಟಸ್ ಎಂಬುದನ್ನೂ 2007ರಲ್ಲಿ ಅಸ್ಟ್ರಿಯಸ್ ಏಷ್ಯಾಟಿಕಸ್ ಎಂಬುದನ್ನೂ ಬೇರೆ ಜಾತಿಗಳೆಂದು ವರ್ಣಿಸಲಾಯಿತು.

ಆದರೆ ಈ ಪರೀಕ್ಷೆಯು ಹೆಸರನ್ನು ಹೇಳುವುದೇ ಹೊರತು ತಿನ್ನಬಹುದೇ ಎಂಬುದನ್ನು ಹೇಳಲಾರದು. ಅದನ್ನು ತಲೆಮಾರುಗಳಿಂದ ಉಂಡು ತಿಳಿದವರೇ ಹೇಳಬಲ್ಲರು. ಆದುದರಿಂದ ಮಾದರಿಯನ್ನು ಕಳುಹಿಸುವವರು ಊರಿನವರು ಕರೆಯುವ ಹೆಸರು, ಬೆಳೆದ ಸ್ಥಳ, ಹತ್ತಿರದ ಮರ, ದಿನಾಂಕ ಇವುಗಳನ್ನು ತಪ್ಪದೆ ಬರೆದಿಡತಕ್ಕದ್ದು.

ಎಚ್ಚರಿಕೆಗಳು:

1. ಬೆಳ್ಳಿಯ ಚಮಚ ಕಪ್ಪಾಗದಿದ್ದರೆ ವಿಷವಿಲ್ಲವೆಂಬುದು ಸುಳ್ಳು. ಹುಳು ತಿಂದ ಅಣಬೆಯು ನಿರ್ವಿಷವೆಂಬುದೂ ಹಾಗೆಯೇ.

2. ಅಮಾನಿಟ ವರ್ಗದ ಮಾರಕ ಅಣಬೆಗಳ ವಿಷವು ಬೇಯಿಸಿದರೂ ನಾಶವಾಗದು. ವಾಂತಿ ಭೇದಿಗಳು 6 ಗಂಟೆಗಳ ಅನಂತರವೇ ತೋರಬಹುದು. ನಡುವೆ ನಿಂತಂತೆ ಕಂಡರೂ ಯಕೃತ್ತು ಕೆಡುತ್ತಲೇ ಇರುವುದು.

3. ಸಂಶಯವಾದರೆ ಉಳಿದ ಅಣಬೆಯೊಡನೆ ಕೂಡಲೇ ಆಸ್ಪತ್ರೆಗೆ ಹೋಗತಕ್ಕದ್ದು.

ಗುರುತು ತಿಳಿಯದ ಅಣಬೆಯನ್ನು ಕಾಡಿನಲ್ಲಿಯೇ ಬಿಡುವುದು ಲೇಸು.