ಹಿಂದಿನ ಸೀಟಿನವರನ್ನು ನೆನೆದು ನಿರ್ಧರಿಸು

ತಮ್ಮಾ,

ಕೈಯ ಪ್ಲಾಸ್ಟರ್ ಇನ್ನೂ ಬಿಚ್ಚಿಲ್ಲ, ಆಗಲೇ ಗ್ಯಾರೇಜಿಗೆ ಫೋನ್ ಹಚ್ಚಿ ‘ಗಾಡಿ ಯಾವಾಗ ರೆಡಿ ಆಗ್ತದ?’ ಅಂತ ಕೇಳಿದೆಯಂತೆ. ನಿಮ್ಮವ್ವ ಹೇಳಿದಳು. ಅದು ಇವತ್ತೇ ಗುಜರಿಗೆ ಹೋಗಲಿ ಅನ್ನುತ್ತಾಳೆ ಅವಳು. ಮೊದಲಿದ್ದಂತೆಯೇ ಆಗಬೇಕು ಅನ್ನುತ್ತೀ ನೀನು. ಇಬ್ಬರೂ ಗಾಡಿಯ ಹತ್ತಿರ ಹೋಗದೆಯೇ ತೀರ್ಪು ಕೊಟ್ಟಿದ್ದೀರಿ. ಬಸ್ ಡಿಪೋದ ವರ್ಕ್‌ಶಾಪಿನಲ್ಲಿ ಗ್ರೀಸು ಬಳಿದುಕೊಂಡೇ ಮುದುಕನಾದವನು ನಾನು. ನಿಮ್ಮ ಕಾಕಾನ ಮಾತು ಒಂದಿಷ್ಟು ಕೇಳು, ಆಮೇಲೆ ನಿನಗೆ ತಿಳಿದಂತೆ ಮಾಡು.

ಆ ಸ್ಪ್ಲೆಂಡರ್ ನಿನಗೆ ಏನು ಅನ್ನುವುದು ನನಗೆ ಗೊತ್ತು. ಇಂಡಿ ಸೀಮೆಯ ಲಿಂಬೆಗೆ ಈಗ ಜಿಐ ಟ್ಯಾಗ್ ಬಂದಿದೆ. ನಿಮ್ಮಪ್ಪನ ಕಾಲಕ್ಕೆ ಅದೊಂದೂ ಇರಲಿಲ್ಲ, ಒಂದು ಬೇಸಿಗೆ ರೇಟು ಸಿಕ್ಕಿತು, ಆ ರೊಕ್ಕದಲ್ಲೇ ಗಾಡಿ ತಂದ. ಟ್ಯಾಂಕಿನ ಮೇಲೆ ಇನ್ನೂ ಹೀರೋ ಮತ್ತು ಹೊಂಡಾ ಎರಡೂ ಹೆಸರಿದ್ದ ಕಾಲ. ಶ್ರಾವಣದಲ್ಲಿ ಬಾಗೇವಾಡಿಯ ಮೂಲ ನಂದೀಶ್ವರನ ಜಾತ್ರೆಗೆ ನಿನ್ನನ್ನು ಆ ಟ್ಯಾಂಕಿನ ಮೇಲೆಯೇ ಕೂಡಿಸಿಕೊಂಡು ಹೋಗುತ್ತಿದ್ದ. ಖಂಡೇಪೂಜೆಯ ದಿನ ಮನೆಯ ಕುಡಗೋಲು, ಕೊಡಲಿಗಿಂತ ಮೊದಲು ಅದಕ್ಕೇ ಕುಂಕುಮ. ಅವನು ತೀರಿದ ಮೇಲೆ ನೀನು ಅದನ್ನು ಒರೆಸುವ ರೀತಿಯೇ ಬೇರೆಯಾಯಿತು, ಅದನ್ನೂ ನೋಡಿದ್ದೇನೆ. ಕಬ್ಬಿಣದ ಮೇಲೆ ಇಷ್ಟು ಮಾಯೆ ಯಾಕೆ ಎಂದು ನಾನು ಕೇಳುವುದಿಲ್ಲ. ಕೇಳುವ ಮಂದಿ ಊರಲ್ಲಿ ಬೇಕಾದಷ್ಟಿದ್ದಾರೆ.

ಆದರೆ ಪೆಟ್ಟು ಬಿದ್ದ ಗಾಡಿಯನ್ನು ಕಣ್ಣಿನ ಅಂದಾಜಿನಲ್ಲಿ ಅಳೆಯಬೇಡ. ಕಬ್ಬಿನ ಸೀಜನ್ನಿನಲ್ಲಿ ದೇವರಹಿಪ್ಪರಗಿಯಿಂದ ಸಿಂದಗಿಗೆ ಹೋಗುವ ಹೆದ್ದಾರಿಯಲ್ಲಿ ಎರಡು ಟ್ರೇಲರ್ ಎಳೆಯುತ್ತಾ ಹೊರಟ ಟ್ರ್ಯಾಕ್ಟರುಗಳನ್ನು ದಿನಾ ನೋಡುತ್ತೀ. ಹಿಂದೆ ಕೆಂಪು ದೀಪವಿಲ್ಲ, ಮಿಂಚುವ ಪಟ್ಟಿಯೂ ಇಲ್ಲ. ನೀನು ಗುದ್ದಿದ್ದೂ ಅಂಥದ್ದಕ್ಕೇ. ಅಂಥ ಟ್ರ್ಯಾಕ್ಟರಿಗೆ ಲಾರಿ ಹೊಡೆದರೆ ಅದು ನಡುವಿನಲ್ಲಿ ಮುರಿದು ಎರಡು ತುಂಡಾಗಿ ಬಿದ್ದಿರುತ್ತದೆ. ನೋಡಿದವರು ‘ಮುಗೀತು’ ಅನ್ನುತ್ತಾರೆ. ಆದರೆ ಹೊಲದ ಟ್ರ್ಯಾಕ್ಟರಿಗೆ ಸಾಮಾನ್ಯವಾಗಿ ಬೇರೆ ಚಾಸಿ ಇರುವುದಿಲ್ಲ. ಇಂಜಿನ್, ಕ್ಲಚ್ ಹೌಸಿಂಗ್, ಗೇರ್ ಬಾಕ್ಸ್ ಒಂದಕ್ಕೊಂದು ಬೋಲ್ಟಿನಲ್ಲಿ ಕೂತು ತಾವೇ ಬೆನ್ನೆಲುಬಾಗಿರುತ್ತವೆ. ಒಡೆದ ಹೌಸಿಂಗ್ ಬದಲಿಸಿ ಮತ್ತೆ ಬೋಲ್ಟ್ ಬಿಗಿದರೆ ಎಷ್ಟೋ ಟ್ರ್ಯಾಕ್ಟರುಗಳು ಮರುವರ್ಷ ನೇಗಿಲು ಹೂಡುತ್ತವೆ. ಬೈಕಿನ ಕಥೆ ಇದಕ್ಕೆ ಉಲ್ಟಾ. ಹೆಡ್‌ಲೈಟ್ ಒಡೆದಿದೆ, ಮಡ್‌ಗಾರ್ಡ್ ನುಗ್ಗಾಗಿದೆ, ಹ್ಯಾಂಡಲ್ ಸೊಟ್ಟಗಾಗಿದೆ, ಒಂದು ವಾರದ ಕೆಲಸ ಅನಿಸುತ್ತದೆ. ಒಳಗೆ ಕೊರಳಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿರುತ್ತದೆ.

ಕೊರಳು ಅಂದರೆ ಹ್ಯಾಂಡಲ್ಲಿನ ಕೆಳಗೆ ಚಾಸಿಯ ಪೈಪುಗಳೆಲ್ಲ ಬಂದು ಕೂಡುವ ಜಾಗ, ಕೋನ್‌ಸೆಟ್ ಕೂತಿರುತ್ತದಲ್ಲ, ಅಲ್ಲಿ. ಮುಂದಿನಿಂದ ಬಿದ್ದ ಪೆಟ್ಟೆಲ್ಲ ಗಾಲಿಯಿಂದ ಫೋರ್ಕಿಗೆ, ಫೋರ್ಕಿನಿಂದ ಅಲ್ಲಿಗೆ ಏರುತ್ತದೆ. ಮೊದಲು ಟ್ಯಾಂಕ್ ಬಿಚ್ಚಿಸು. ಕೊರಳಿನ ವೆಲ್ಡಿಂಗಿನ ಸುತ್ತ ಬಣ್ಣ ಹೊಪ್ಪಳಿಕೆ ಎದ್ದಿದೆಯೋ, ನೆರಿಗೆ ಬಿದ್ದಿದೆಯೋ ನೋಡು. ಬಣ್ಣ ಸುಮ್ಮಸುಮ್ಮನೆ ಏಳುವುದಿಲ್ಲ, ಪೆಟ್ಟಿನ ಮೇಲೆ ಎದ್ದಿದ್ದರೆ ಕೆಳಗಿನ ಕಬ್ಬಿಣ ಜಗ್ಗಿರಬಹುದು. ಆಮೇಲೆ ಎರಡೂ ಗಾಲಿಗಳ ಪಕ್ಕಕ್ಕೆ ದಾರ ಬಿಗಿಯಾಗಿ ಹಿಡಿದು ಒಂದೇ ಗೆರೆಯಲ್ಲಿವೆಯೇ ನೋಡಿಸು. ಹಿಂದಿನ ಗಾಲಿ ಹಿಡಿದ ಚಿಮ್ಟಾ ತಿರುಚಿದ್ದರೂ ಅಲ್ಲೇ ಗೊತ್ತಾಗುತ್ತದೆ. ದಾರಕ್ಕೆ ರೊಕ್ಕ ಹತ್ತುವುದಿಲ್ಲ, ಆದ್ದರಿಂದಲೇ ಅದನ್ನು ಯಾರೂ ಮಾಡುವುದಿಲ್ಲ.

ಫೋರ್ಕ್ ಪೈಪ್ ಬಾಗಿದ್ದರೆ ಮಿಸ್ತ್ರಿ ‘ಪ್ರೆಸ್ಸಿಗೆ ಹಾಕಿ ಬೆಂಡ್ ತೆಗೀತೀನಿ, ಹೊಸಾದರಂಗೆ ಆಗ್ತದ’ ಅನ್ನುತ್ತಾನೆ. ನೇರ ಆಗುವುದು ಖರೆ. ಆದರೆ ಒಮ್ಮೆ ಬಾಗಿ ಮತ್ತೆ ನೇರವಾದ ಪೈಪು ಮುಂದಿನ ತಗ್ಗಿನಲ್ಲಿ ಎಲ್ಲಿ ಬಾಗುತ್ತದೋ ಹೇಳಲಾಗುವುದಿಲ್ಲ. ಪೈಪು ಬದಲಿಸು, ಸ್ಪ್ಲೆಂಡರಿನ ಪೈಪು ಎಲ್ಲಾ ಊರಲ್ಲೂ ಸಿಗುತ್ತದೆ. ಚಾಸಿಯನ್ನು ಗ್ಯಾಸಿನಲ್ಲಿ ಕೆಂಪಗೆ ಕಾಯಿಸಿ ಬಡಿಯುತ್ತೇನೆ ಅಂದವನ ಗ್ಯಾರೇಜಿನಿಂದ ಮಾತ್ರ ಗಾಡಿಯನ್ನು ತಳ್ಳಿಕೊಂಡಾದರೂ ಹೊರಗೆ ತಾ. ಕಾಯಿಸಿದ ಜಾಗದಲ್ಲಿ ಉಕ್ಕಿನ ಹದ ಕೆಡುತ್ತದೆ, ಮೇಲೆ ಬಣ್ಣ ಹೊಡೆದರೆ ಆ ಜಾಗ ಯಾವುದೆಂಬುದೂ ಗೊತ್ತಾಗುವುದಿಲ್ಲ.

ನಮ್ಮ ಕಡೆ ಹಳೇ ಮಾಳಿಗೆ ಮನೆ ಸೋರಿದಾಗ ಹಿರಿಯರು ಗೋಡೆಯ ಗಿಲಾಯಿ ನೋಡುತ್ತಿರಲಿಲ್ಲ, ಏಣಿ ಹಾಕಿ ತೊಲೆ ಬಡಿದು ಸದ್ದು ಕೇಳುತ್ತಿದ್ದರು. ನಮ್ಮ ಸಾರಿಗೆಯವರ ಲೆಕ್ಕವೂ ಅದೇ. ಕೆಎಸ್‌ಆರ್‌ಟಿಸಿಯವರು ಈಚಿನ ವರ್ಷಗಳಲ್ಲಿ ಲಕ್ಷಗಟ್ಟಲೆ ಕಿಲೋಮೀಟರ್ ಓಡಿದ ಸಾವಿರಕ್ಕೂ ಹೆಚ್ಚು ಹಳೇ ಬಸ್ಸುಗಳನ್ನು ತಮ್ಮ ವರ್ಕ್‌ಶಾಪುಗಳಲ್ಲೇ ಹೊಸದು ಮಾಡಿ ರಸ್ತೆಗೆ ಬಿಟ್ಟರು. ಅದು ಆಗುವುದು ಬಸ್ಸಿನ ಬಾಡಿ ಬೇರೆ, ಚಾಸಿ ಬೇರೆ ಇರುವುದರಿಂದ. ಚಾಸಿ ಗಟ್ಟಿ ಇದ್ದರೆ ಮೇಲಿನ ತಗಡು, ಸೀಟು, ಗಾಜು ಎಲ್ಲ ಮತ್ತೆ ಕಟ್ಟಬಹುದು. ಬೊಲೆರೊ, ಟಾಟಾ ಏಸ್ ಗಾಡಿಗಳಲ್ಲೂ ಕೆಳಗೆ ಬೇರೆ ಚಾಸಿ ಇದೆ. ಆಲ್ಟೊ, ಸ್ವಿಫ್ಟ್‌ನಂಥ ಕಾರಿಗೆ ಬಾಡಿಯೇ ಚಾಸಿ. ಅದರ ಬಾಗಿಲ ಪಕ್ಕದ ಕಂಬವೋ ತಳದ ತಗಡೋ ಮಡಚಿತು ಅಂದರೆ ಪುಟ್ಟಿ ಹಚ್ಚಿ ಮುಚ್ಚುವ ಮಾತಲ್ಲ.

ಕಾರಿನ ವಿಷಯ ಬಂತು. ಮುದ್ದೇಬಿಹಾಳದ ನಿನ್ನ ಗೆಳೆಯನಿಗೂ ಇದನ್ನು ಹೇಳು, ತಂಗಡಗಿ ರಸ್ತೆಯಲ್ಲಿ ಅವನ ಕಾರು ಉರುಳಿತ್ತಲ್ಲ. ಏರ್‌ಬ್ಯಾಗ್ ಒಮ್ಮೆ ಬಿಚ್ಚಿಕೊಂಡರೆ ಅದನ್ನು ಮಡಚಿ ಒಳಗೆ ತುರುಕಲಿಕ್ಕೆ ಬರುವುದಿಲ್ಲ, ಬ್ಯಾಗೂ ಅದನ್ನು ನಡೆಸುವ ಪೆಟ್ಟಿಗೆಯೂ ಬದಲಾಗಬೇಕು. ದೊಡ್ಡ ಪೆಟ್ಟು ತಡೆದ ಸೀಟ್ ಬೆಲ್ಟೂ ಅಷ್ಟೇ. ಖರ್ಚು ಉಳಿಸಲು ಬರೀ ಮುಚ್ಚಳ ಕೂಡಿಸಿ ಕೊಡುವವರಿದ್ದಾರೆ. ಇನ್ನು ನಿನ್ನ ಹೆಲ್ಮೆಟ್: ಆ ರಾತ್ರಿ ಅದು ತನ್ನ ಕೆಲಸ ಮಾಡಿ ಮುಗಿಸಿದೆ. ಹೊರಗೆ ಗೀರಷ್ಟೇ ಕಂಡರೂ ಒಳಗಿನ ಥರ್ಮಾಕೋಲ್ ಒತ್ತಿಹೋಗಿರುತ್ತದೆ, ಹೊಸದು ತಗೋ.

ಈಗ ನಿನ್ನ ಗಾಡಿಯ ಮುಂದೆ ನಿಂತು ಒಂದು ಪ್ರಶ್ನೆ ಕೇಳಿಕೋ. ‘ನಾನು ಇದನ್ನು ಓಡಿಸಬಹುದೇ?’ ಎಂದು ಕೇಳಬೇಡ, ನಿನ್ನ ವಯಸ್ಸಿನವರಿಗೆ ಅದಕ್ಕೆ ಯಾವಾಗಲೂ ‘ಹೌದು’ ಅನ್ನುವ ಉತ್ತರವೇ ಬರುತ್ತದೆ. ಮಳೆಗಾಲದಲ್ಲಿ, ಡಾಂಬರಿನ ಅಂಚು ಕಿತ್ತು ಎರೆಮಣ್ಣಿಗೆ ಇಳಿದಿರುವ ರಸ್ತೆಯಲ್ಲಿ, ನಿಮ್ಮವ್ವನನ್ನು ಹಿಂದೆ ಕೂಡಿಸಿಕೊಂಡು ಹೂವಿನಹಿಪ್ಪರಗಿ ಮೇಲಿಂದ ಬಾಗೇವಾಡಿಗೆ ಇದರ ಮೇಲೆ ಹೋಗುತ್ತೀಯಾ? ನಿನ್ನ ತಂಗಿ ಕಾಲೇಜಿಗೆ ಹೊರಟಾಗ ಬೀಗದ ಕೈ ಅವಳ ಕೈಗೆ ಕೊಡುತ್ತೀಯಾ? ಹಿಂದೆ ಕೂತವರಿಗೆ ಹ್ಯಾಂಡಲ್ಲೂ ಇಲ್ಲ, ಬ್ರೇಕೂ ಇಲ್ಲ, ಕೊರಳಿನ ಬಿರುಕಿನ ಸುದ್ದಿಯೂ ಇಲ್ಲ. ಅವರು ನಿನ್ನ ಮೇಲೆ ಭಾರ ಹಾಕಿ ಕೂತಿರುತ್ತಾರೆ. ಉತ್ತರ ಹೇಳುವಾಗ ಗಂಟಲು ಸ್ವಲ್ಪ ತಡವರಿಸಿದರೂ ಆ ಚಾಸಿ ರಸ್ತೆಗೆ ಬೇಡ. ನೀನು ಹತ್ತದ ಗಾಡಿಯನ್ನು ಬಣ್ಣ ಹೊಡೆಸಿ ಸಂತೆಯಲ್ಲಿ ಬೇರೆಯವರಿಗೆ ಮಾರಲೂ ಬೇಡ. ಅವರ ಹಿಂದೆಯೂ ಒಬ್ಬ ಅವ್ವ ಕೂರುತ್ತಾಳೆ. ಹೀಗೆ ಮಾರುವ ಕೆಲಸ ನಮ್ಮ ಸೀಮೆಯಲ್ಲಿ ಎಷ್ಟು ಸಲೀಸಾಗಿ ನಡೆಯುತ್ತದೆಂದರೆ ಅದನ್ನು ಯಾರೂ ಮೋಸ ಅನ್ನುವುದೇ ಇಲ್ಲ.

ಕಾಗದಪತ್ರದ ಕಡೆಗೂ ಬರಬೇಕು, ಬೇಸರವಾದರೂ. ಪೊಲೀಸ್ ಕೇಸ್ ಆಗಿರುವುದರಿಂದ ಮೋಟಾರು ವಾಹನ ನಿರೀಕ್ಷಕರು ಗಾಡಿ ನೋಡಿ ವರದಿ ಕೊಡುವತನಕ ಒಂದು ನಟ್ಟೂ ಬಿಚ್ಚಿಸಬೇಡ. ಎಲ್ಲ ಕಡೆಯಿಂದ ಫೋಟೋ ತೆಗೆದಿಡು. ಠಾಣೆಯ ಅಂಗಳದಲ್ಲಿ ತಿಂಗಳುಗಟ್ಟಲೆ ಮಳೆಗೆ ನಿಂತರೆ ಅರ್ಧ ಗಾಡಿ ಅಲ್ಲೇ ತುಕ್ಕಾಗುತ್ತದೆ. ಕೋರ್ಟಿಗೆ ಅರ್ಜಿ ಹಾಕಿ, ಬಾಂಡ್ ಬರೆದುಕೊಟ್ಟು ಬಿಡಿಸಿಕೊಳ್ಳಬಹುದು. ಜಪ್ತಾದ ವಾಹನಗಳನ್ನು ಠಾಣೆಗಳಲ್ಲಿ ಬಹಳ ದಿನ ಕೊಳೆಹಾಕಬಾರದೆಂದು ಸುಪ್ರೀಂ ಕೋರ್ಟು 2002ರಲ್ಲೇ ಸುಂದರಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಹೇಳಿದೆ. ವಕೀಲರಿಗೆ ಈ ಹೆಸರು ಹೇಳಿದರೆ ಸಾಕು.

ಆರ್‌ಸಿ ಯಾರ ಹೆಸರಿನಲ್ಲಿದೆ? ಇನ್ನೂ ನಿಮ್ಮಪ್ಪನ ಹೆಸರೇ ಇದ್ದರೆ ಗಂಟು ಅಲ್ಲಿದೆ. ಮಾಲೀಕ ತೀರಿದ 30 ದಿನದೊಳಗೆ ವಾರಸುದಾರ ಆರ್‌ಟಿಓಗೆ ತಿಳಿಸಬೇಕು, ಮೂರು ತಿಂಗಳೊಳಗೆ ಫಾರ್ಮ್ 31 ಕೊಟ್ಟು ಹೆಸರು ಬದಲಿಸಿಕೊಳ್ಳಬೇಕು. ಅಪ್ಪನ ಹೆಸರು ಅಳಿಸಲು ಮನಸ್ಸು ಬಾರದೆ ಹಾಗೇ ಓಡಿಸುವ ಹುಡುಗರನ್ನು ಬಹಳ ನೋಡಿದ್ದೇನೆ. ಆ ಸಂಕಟ ನನಗೆ ಅರ್ಥವಾಗುತ್ತದೆ, ಇನ್ಶೂರನ್ಸಿನವರಿಗೆ ಅರ್ಥವಾಗುವುದಿಲ್ಲ. 15 ವರ್ಷ ದಾಟಿದ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕೆಂಬುದೂ ನೆನಪಿರಲಿ. ಬೈಕಿಗೆ 300 ರೂಪಾಯಿ ಇದ್ದ ಆ ಶುಲ್ಕ 2022ರ ಏಪ್ರಿಲ್ 1ರಂದು 1,000ಕ್ಕೆ ಏರಿತು, ಈಗ ಎಷ್ಟೆಂದು ಕಚೇರಿಯಲ್ಲೇ ಕೇಳು. ಚಾಸಿ ನಂಬರ್ ಹೊಡೆದಿರುವುದು ಆ ಕೊರಳಿನ ಮೇಲೆಯೇ. ಹಾಗಾಗಿ ಕೆಎ-28ರ ಕಚೇರಿಯ ಅನುಮತಿ ಇಲ್ಲದೆ ಚಾಸಿ ಬದಲಿಸಿದರೆ ನಿನ್ನದೇ ಗಾಡಿ ಕಳವಿನ ಗಾಡಿಯಂತೆ ಕಾಣುತ್ತದೆ.

ರೊಕ್ಕದ ಲೆಕ್ಕ ಉದ್ದವಿಲ್ಲ. ನಿನ್ನದು ಬರೀ ಥರ್ಡ್ ಪಾರ್ಟಿ ವಿಮೆ. ಅದು ನಿನ್ನ ಗಾಡಿಯಿಂದ ಬೇರೆಯವರಿಗಾದ ನಷ್ಟಕ್ಕೆ ಮಾತ್ರ, ನಿನ್ನ ಗಾಡಿಯ ಒಂದು ಬಲ್ಬಿಗೂ ಅದರಿಂದ ಬಿಡಿಗಾಸು ಬರುವುದಿಲ್ಲ. ಗೆಳೆಯನ ಕಾರಿಗೆ ಪೂರ್ತಿ ವಿಮೆ ಇದೆಯಂತೆ. ಅವನು ಪಾಲಿಸಿಯಲ್ಲಿ ಐಡಿವಿ ಎಂದು ಬರೆದ ಮೊತ್ತ ನೋಡಲಿ. ರಿಪೇರಿ ಖರ್ಚು ಅದರ ನೂರಕ್ಕೆ 75 ದಾಟಿದರೆ ಕಂಪನಿಯವರು ಸಾಮಾನ್ಯವಾಗಿ ಪೂರ್ತಿ ನಷ್ಟ ಎಂದು ತೀರಿಸುತ್ತಾರೆ. ನಾಲ್ಕು ಲಕ್ಷದ ಐಡಿವಿಗೆ ಮೂರು ಲಕ್ಷ ದಾಟಿದರೆ ಆಯಿತು. ಸಾಲ ಬಾಕಿ ಇದ್ದರೆ ರೊಕ್ಕ ಮೊದಲು ಬ್ಯಾಂಕಿಗೆ. ಅಷ್ಟಕ್ಕೆ ಮುಟ್ಟದಿದ್ದರೂ ಪ್ಲಾಸ್ಟಿಕ್, ರಬ್ಬರ್, ಬ್ಯಾಟರಿಗಳಿಗೆ ಅರ್ಧ ಬೆಲೆಯನ್ನು ಸವಕಳಿ ಎಂದು ಕಡಿಯುತ್ತಾರೆ, ಝೀರೋ ಡೆಪ್ ತಗೊಂಡಿದ್ದರೆ ಮಾತು ಬೇರೆ. ಸರ್ವೇಯರ್ ನೋಡುವ ಮೊದಲು ಅವನೂ ಗ್ಯಾರೇಜಿನವರಿಗೆ ಕೈ ಹಚ್ಚಗೊಡಬಾರದು.

ನಿನ್ನ ಗಾಡಿಯ ಕೊರಳು ಗಟ್ಟಿ ಇದ್ದು ಫೋರ್ಕು, ಗಾಲಿ, ಕೋನ್‌ಸೆಟ್ ಇಷ್ಟೇ ಹೋಗಿದ್ದರೆ, ರಿಪೇರಿಗೆ ಗಾಡಿಯ ಪೇಟೆ ಬೆಲೆಗಿಂತ ಹೆಚ್ಚು ಹತ್ತಿದರೂ ಮಾಡಿಸು ಅನ್ನುತ್ತೇನೆ. ಲೆಕ್ಕದವರು ನಗಲಿ. ಅಪ್ಪನ ನೆನಪಿಗೆ ಯಾವ ಪಾಲಿಸಿಯಲ್ಲೂ ಐಡಿವಿ ಬರೆದಿರುವುದಿಲ್ಲ, ಆ ನಾಲ್ಕು ಕಾಸು ವ್ಯರ್ಥವಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದ ಮೇಲೂ ಯೆಜ್ಡಿ ಇಟ್ಟುಕೊಂಡವರು ಬಿಡಿಭಾಗಕ್ಕಾಗಿ ಊರೂರು ಅಲೆದು ಓಡಿಸಿದ್ದಾರೆ, ಈಗಲೂ ಓಡಿಸುತ್ತಿದ್ದಾರೆ. ಅವರನ್ನು ಹುಚ್ಚರೆನ್ನಲು ನನಗೆ ಬಾಯಿ ಬರುವುದಿಲ್ಲ.

ಕೊರಳೇ ಹೋಗಿದ್ದರೆ? ಆಗ ರಿಪೇರಿಗೆ ಕೂಡಿಟ್ಟ ರೊಕ್ಕವನ್ನು ಬೇರೆ ಗಾಡಿಗೆ ಹಾಕು. ಗಾಡಿ ಇನ್ನು ಬಳಕೆಗೆ ಬಾರದು ಎಂದಾದರೆ ಮೋಟಾರು ವಾಹನ ಕಾಯ್ದೆಯ 55ನೇ ಕಲಮಿನಂತೆ 14 ದಿನದೊಳಗೆ ಆರ್‌ಟಿಓಗೆ ತಿಳಿಸಿ ಆರ್‌ಸಿ ರದ್ದು ಮಾಡಿಸು. ಇದನ್ನು ಮಾಡದೆ ಗುಜರಿಯವರಿಗೆ ಕೊಟ್ಟರೆ ನಾಳೆ ಅದೇ ನಂಬರ್ ಇನ್ನಾವುದೋ ಗಾಡಿಯ ಮೇಲೆ ಕೂತು ಪೊಲೀಸರನ್ನು ನಿಮ್ಮ ಮನೆ ಬಾಗಿಲಿಗೆ ತಂದೀತು. ಟ್ಯಾಂಕ್ ಬಿಚ್ಚಿ ನಿನ್ನ ಹತ್ತಿರವೇ ಇಟ್ಟುಕೋ. ಇಂಜಿನ್ ಚಲೋ ಇದೆ, ಅದಕ್ಕೆ ಹೊಲದಲ್ಲಿ ಕೆಲಸ ಹುಡುಕಬಹುದು. ಗುಜರಾತಿನ ಅಮ್ರೇಲಿ ಜಿಲ್ಲೆಯ ರೈತ ಮನ್ಸುಖಭಾಯಿ ಜಗಾನಿ 1990ರ ದಶಕದಲ್ಲಿ ಎನ್‌ಫೀಲ್ಡ್ ಬುಲೆಟ್‌ನ ಹಿಂದಿನ ಗಾಲಿ ತೆಗೆದು ಅಲ್ಲಿ ಕುಂಟೆ, ನೇಗಿಲು ಜೋಡಿಸಿದ, ‘ಬುಲೆಟ್ ಸಾಂತಿ’ ಎಂದು ಹೆಸರಾಯಿತು. ನಿನ್ನ ಸ್ಪ್ಲೆಂಡರಿನ ನೂರು ಸಿಸಿಗೆ ನಮ್ಮ ಎರೆಹೊಲ ಬಗ್ಗುವುದಿಲ್ಲ, ಆ ಆಸೆ ಬಿಡು. ಲಿಂಬೆ ಗಿಡಕ್ಕೆ ಔಷಧ ಹೊಡೆಯುವ ಪಂಪಿಗೆ ಬೇಕಾದರೆ ಹೊಂದಿಸಿ ನೋಡೋಣ.

ನಿರೀಕ್ಷಕರ ವರದಿ ಬಂದ ದಿನ ಫೋನ್ ಮಾಡು. ಗಾಡಿಯನ್ನು ಟಂಟಂನಲ್ಲಿ ಹೇರಿಕೊಂಡು ಇಂಡಿಯ ಲೇತಿಗೆ ತಾ, ಓಡಿಸಿಕೊಂಡು ಬರಬೇಡ. ಬಿಚ್ಚುವಾಗ ನಾನೂ ಇರುತ್ತೇನೆ, ಕನ್ನಡಕ ತರುತ್ತೇನೆ. ನಿಮ್ಮವ್ವನನ್ನೂ ಕರೆದುಕೊಂಡು ಬಾ. ಕೊರಳು ಅವಳೂ ಕಣ್ಣಾರೆ ನೋಡಲಿ, ಹಿಂದಿನ ಸೀಟು ಅವಳದು.