ಅಣ್ಣ, ತಮ್ಮ ಮತ್ತು ಧಾರಾವಾಹಿ



ಹೈದರ್ ಮತ್ತು ಟಿಪ್ಪು ಕಾಲದ ಪಾಠ ಬಂದಾಗಲೆಲ್ಲ "ಸರ್, ಧಾರಾವಾಹಿಯಲ್ಲಿ ಹೀಗಿಲ್ಲವಲ್ಲ?" ಎಂದು ಕೇಳುತ್ತೀರಿ. ಒಳ್ಳೆಯ ಪ್ರಶ್ನೆ. ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ 1990ರಲ್ಲಿ ದೂರದರ್ಶನದಲ್ಲಿ ಬಂದ ಧಾರಾವಾಹಿ. ಟಿಪ್ಪುವಿನ ಪಾತ್ರ ಮಾಡಿದವರು ಸಂಜಯ್ ಖಾನ್. ಅದಕ್ಕೆ ಆಧಾರ ಭಗವಾನ್ ಗಿಡ್ವಾನಿಯವರು 1976ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಕಾದಂಬರಿ. ಇದು ಕಾದಂಬರಿಯ ಕಥೆ ಎಂಬ ಸೂಚನೆಯೊಂದಿಗೇ ಅದು ಪ್ರಸಾರವಾಯಿತು.

ಒಂದು ಘಟನೆಯನ್ನು ಉದಾಹರಣೆಯಾಗಿ ನೋಡೋಣ.

1782ರ ಡಿಸೆಂಬರ್ 7ರಂದು ಹೈದರ್ ಅಲಿ ಚಿತ್ತೂರಿನ ಬಳಿಯ ಪಾಳೆಯದಲ್ಲಿ ತೀರಿಕೊಂಡನು. ಹಿರಿಯ ಮಗ ಟಿಪ್ಪು ದೂರದ ಮಲಬಾರಿನಲ್ಲಿ ಇಂಗ್ಲಿಷರೊಡನೆ ಯುದ್ಧದಲ್ಲಿದ್ದನು. ಪೂರ್ಣಯ್ಯ, ಕೃಷ್ಣರಾವ್ ಮೊದಲಾದವರು ಸಾವಿನ ಸುದ್ದಿಯನ್ನು ಗುಟ್ಟಾಗಿಟ್ಟರು. ಶವವನ್ನು ಪೆಟ್ಟಿಗೆಯಲ್ಲಿರಿಸಿ, ಖಜಾನೆ ಸಾಗಿಸುವಂತೆ ಕಾವಲಿನೊಂದಿಗೆ ಕೋಲಾರಕ್ಕೆ ಕಳುಹಿಸಿದರು. ಅಷ್ಟರಲ್ಲಿ ಹೈದರನ ಸಂಬಂಧಿ ಮಹಮ್ಮದ್ ಅಮೀನ್ ಮತ್ತು ಬಕ್ಷಿ ಶಂಸುದ್ದೀನ್ ಸೇರಿ ಟಿಪ್ಪುವಿನ ತಮ್ಮ ಅಬ್ದುಲ್ ಕರೀಮನನ್ನು ಪಟ್ಟಕ್ಕೆ ತರಲು ಸಂಚು ಹೂಡಿದರು. ಸಂಚು ಬಯಲಾಯಿತು. ಟಿಪ್ಪು ಬಂದು ಅಧಿಕಾರ ವಹಿಸಿಕೊಂಡನು.

ಷಹಜಹಾನನ ಮಕ್ಕಳ ಕದನದೊಡನೆ ಇದನ್ನು ಹೋಲಿಸಿ. ಅಲ್ಲಿ ದಾರಾ, ಔರಂಗಜೇಬ್ ತಾವೇ ಸೈನ್ಯ ಕಟ್ಟಿಕೊಂಡು ಎದುರಾದರು. ಇಲ್ಲಿ ತಮ್ಮನ ಹೆಸರನ್ನು ಮುಂದೆ ಮಾಡಿ ಆಟ ಆಡಿದವರು ಬೇರೆಯವರು. ಈ ವ್ಯತ್ಯಾಸ ಮುಖ್ಯ.

ಸಂಚು, ಸೆರೆ, ತಾರೀಖು ದಾಖಲೆಯಲ್ಲಿ ಸಿಗುತ್ತವೆ. ಆ ರಾತ್ರಿ ತಮ್ಮನ ಮನಸ್ಸಿನಲ್ಲಿ ಏನಿತ್ತು ಎಂಬುದನ್ನು ಕಾದಂಬರಿಕಾರ ಊಹಿಸಿ ಬರೆಯುತ್ತಾನೆ. ಧಾರಾವಾಹಿ ಆ ಊಹೆಗೆ ಮುಖ, ದನಿ, ಸಂಗೀತ ಕೊಡುತ್ತದೆ. ನಮಗೆ ನೆನಪಿನಲ್ಲಿ ಉಳಿಯುವುದು ಮುಖವೇ ಹೊರತು ದಾಖಲೆಯಲ್ಲ. ಕಥೆಗಾರನ ದೋಷ ಇದರಲ್ಲಿಲ್ಲ. ಅವನ ಕಸುಬೇ ಅದು. ಬೇರ್ಪಡಿಸಿ ನೋಡುವ ಕೆಲಸ ನಮ್ಮದು.

ಈ ಕೆಲಸ ಪರೀಕ್ಷೆಗಷ್ಟೇ ಅಲ್ಲ. ಮೈಸೂರಿನ ಗದ್ದುಗೆಯ ಏಳುಬೀಳು ನಮ್ಮ ಸೀಮೆಯನ್ನೂ ತಟ್ಟಿದೆ. ಟಿಪ್ಪುವಿನ ಪತನದ ನಂತರ, 1800ರಲ್ಲಿ ನಿಜಾಮನು ಕಂಪನಿಗೆ ಬಿಟ್ಟುಕೊಟ್ಟ ದತ್ತ ಮಂಡಲದಲ್ಲಿ ಬಳ್ಳಾರಿ ಸೀಮೆ ಸೇರಿತ್ತು. ಇಂದು ಟಿಪ್ಪುವಿನ ಹೆಸರೆತ್ತಿದರೆ ಸ್ನೇಹಿತರ ನಡುವೆಯೇ ಮಾತು ಬಿರುಸಾಗುತ್ತದೆ. ಮೊಬೈಲಿನಲ್ಲಿ ಬಂದ ಒಂದು ತುಣುಕು ನೋಡಿ ಹೊಗಳುವುದೂ ಸುಲಭ, ತೆಗಳುವುದೂ ಸುಲಭ. ಎರಡಕ್ಕೂ ಅದು ಸಾಕ್ಷ್ಯವಲ್ಲ.

ಮುಂದಿನ ಸಲ ಐತಿಹಾಸಿಕ ಧಾರಾವಾಹಿ ನೋಡುವಾಗ ಪಕ್ಕದಲ್ಲಿ ನೋಟ್‌ಬುಕ್ ಇರಲಿ. ಮೂರು ಪ್ರಶ್ನೆ ಬರೆದುಕೊಳ್ಳಿ:

1. ಈ ದೃಶ್ಯದಲ್ಲಿ ದಾಖಲೆಯಿಂದ ಬಂದದ್ದು ಯಾವುದು?
2. ಲೇಖಕರು ಊಹಿಸಿದ್ದು ಯಾವುದು?
3. ಸಂಗೀತ ನಿಲ್ಲಿಸಿದರೂ ನನಗೆ ಹಾಗೆಯೇ ಅನಿಸುತ್ತದೆಯೇ?

ಉತ್ತರಗಳನ್ನು ತರಗತಿಗೆ ತನ್ನಿ, ಚರ್ಚಿಸೋಣ.